ಫ್ಲ್ಯಾಶ್ ಪ್ಲೇಯರಿನ ಏಳುಬೀಳು

ಗಣಕಯಂತ್ರದಲ್ಲಿ ವೀಡಿಯೊ ಚಿತ್ರವೊಂದು ಓಡದಿದ್ದಾಗ ದೋಷವು ಯಂತ್ರದ್ದೋ ಕಡತದ್ದೋ ಎಂದು ನಾವು ಶಂಕಿಸುವುದು ಸಹಜ. ಆದರೆ ಎರಡೂ ಸುಸ್ಥಿತಿಯಲ್ಲಿದ್ದು, ಅವುಗಳ ನಡುವಣ ತಂತ್ರಾಂಶವೇ ಕಣ್ಮರೆಯಾಗಿರುವ ಪ್ರಸಂಗಗಳೂ ಉಂಟು. ಫ್ಲ್ಯಾಶ್ ಪ್ಲೇಯರಿನ ಚರಿತ್ರೆ ಇದಕ್ಕೆ ನಿದರ್ಶನ.

1990ರ ದಶಕದ ಉತ್ತರಾರ್ಧದಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯು ಪ್ರಚುರಪಡಿಸಿದ ಈ ತಂತ್ರಾಂಶ 2005ರಲ್ಲಿ ಅಡೋಬಿ ಸಂಸ್ಥೆಯ ವಶವಾಯಿತು. ಒಂದೊಂದು ಬಗೆಯ ಕಡತಕ್ಕೂ ಒಂದೊಂದು ಪ್ಲೇಯರ್ ಬೇಕಾಗಿದ್ದ ತೊಡಕನ್ನು ಅದು ಬಹುಮಟ್ಟಿಗೆ ನೀಗಿತು. ಅದೇ ವರ್ಷ ಹುಟ್ಟಿದ ಯೂಟ್ಯೂಬ್ ಅದನ್ನೇ ಆಶ್ರಯಿಸಿತು. ಆದರೆ ಅದರ ಭದ್ರತಾಲೋಪಗಳು ಪದೇ ಪದೇ ಬಯಲಾದವು. ಬ್ರೌಸರುಗಳೇ ನೇರವಾಗಿ ಚಿತ್ರವನ್ನು ತೋರಿಸುವ ಎಚ್‌ಟಿಎಂಎಲ್5 ವಿಧಾನವು 2014ರಲ್ಲಿ ಅಂಗೀಕೃತ ಮಾನದಂಡವಾಯಿತು. 2020ರ ಡಿಸೆಂಬರ್ 31ರಂದು ಅಡೋಬಿಯು ಫ್ಲ್ಯಾಶಿನ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರೇ ಕಡತಗಳನ್ನು ತೆರೆಯಲು ನಿರಾಕರಿಸಿತು.

ಹೀಗೆ ಅಸಂಖ್ಯ ಆಟಗಳೂ ಪಾಠಗಳೂ ಅಳಿಯದೆಯೇ ಮೂಕವಾದವು. ಈ ಅಂತ್ಯಕ್ಕೆ ಮುನ್ನವೇ, 2020ರ ನವೆಂಬರಿನಲ್ಲಿ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ರಫಲ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಅವುಗಳಲ್ಲಿ ಕೆಲವನ್ನು ಉಳಿಸಿಕೊಳ್ಳುವ ಕಾರ್ಯವನ್ನಾರಂಭಿಸಿತ್ತು.

ಅಶೋಕನ ಶಾಸನಗಳು ಬಂಡೆಗಳ ಮೇಲೆ ಉಳಿದಿದ್ದರೂ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಬಿಡಿಸಿ ಓದುವವರೆಗೆ ಅವು ಮಾತನಾಡಲಿಲ್ಲ. ನಮ್ಮ ಕಾಲದ ಆಕರಗಳಿಗೂ ಅದೇ ನಿಯಮ ಅನ್ವಯಿಸುತ್ತದೆ: ಕಡತವನ್ನಷ್ಟೇ ಕಾಪಾಡಿದರೆ ಸಾಲದು, ಅದನ್ನು ಓದುವ ಸಾಧನವನ್ನೂ ಕಾಪಾಡಬೇಕು.