ಗಾಲಿಗೆ ಕೊಟ್ಟ ಮರ

ನಮ್ಮ ತಿರುಮಕೂಡಲು ನರಸೀಪುರದ ಕಡೆ ಜೀಪು ಅಂದರೆ ಬಹಳ ಕಾಲ ಸರ್ಕಾರ ಅಂತಲೇ ಅರ್ಥ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಬೆನ್ನಿಗೆ ಬ್ಲಾಕ್ ಆಫೀಸುಗಳು ಬಂದವು, ಆಫೀಸಿನ ಬೆನ್ನಿಗೆ ಜೀಪು ಬಂತು. ನಾಲೆ ಏರಿಯ ಮೇಲೆ ಧೂಳೆದ್ದರೆ ಗಂಡಸರು ಪಂಚೆ ಸರಿಮಾಡಿಕೊಳ್ಳುವರು. ಮಕ್ಕಳು ದೇವಿ ಹಾಕುವವರು ಬಂದರೆಂದು ಕಣಜದ ಹಿಂದೆ ಅವಿತುಕೊಳ್ಳುವರು. ಅಂಥ ಜೀಪುಗಳು ಹಳೆಯದಾಗಿ ಹರಾಜಿಗೆ ಬಂದಾಗ ಗದ್ದೆ ತೋಟ ಇದ್ದವರು ಕೊಂಡುಕೊಂಡರು. ನಮ್ಮಪ್ಪನೂ ಕೊಂಡುಕೊಂಡರು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ ಎಂಬುದನ್ನು ನಮ್ಮಮ್ಮ ಕೊನೆಯವರೆಗೂ ಮರೆಯಲಿಲ್ಲ.

ಈ ಗಾಡಿ ಹುಟ್ಟಿದ್ದು ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಒಂದು ಪುಟ್ಟ ಗಾಡಿ ಬೇಕೆಂದು ಕೇಳಿತು. ತೂಕ 1300 ಪೌಂಡು ಮೀರಬಾರದೆಂದು ಮೊದಲ ಷರತ್ತು. ಅದು ಯಾರಿಂದಲೂ ಆಗುವ ಮಾತಾಗಿರಲಿಲ್ಲ, ಮಿತಿಯನ್ನು 2160 ಪೌಂಡಿಗೆ ಏರಿಸಬೇಕಾಯಿತು. ವಿಲ್ಲಿಸ್ ಕಂಪನಿಯ ಗಾಡಿ ಅದನ್ನೂ ಮೀರಿತ್ತು. ಅವರ ಎಂಜಿನಿಯರ್ ಡೆಲ್ಮಾರ್ ರೂಸ್ ಇಡೀ ಗಾಡಿಯನ್ನು ಬಿಚ್ಚಿಸಿ ಒಂದೊಂದೇ ಭಾಗದ ತೂಕ ಇಳಿಸಿದನಂತೆ. ಬೋಲ್ಟಿನ ತುದಿಗಳನ್ನು ಕತ್ತರಿಸಿ, ಬಣ್ಣವನ್ನೂ ಎರಡು ಸಲದ ಬದಲು ಒಂದೇ ಸಲ ಬಳಿಸಿದ ಎಂದು ಓದಿದಾಗ ನನಗೆ ಒಡವೆಯಂಗಡಿಯ ತಕ್ಕಡಿ ನೆನಪಾಯಿತು. ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ನಮ್ಮಲ್ಲಿ ಅದನ್ನು ತರಿಸಿ ಜೋಡಿಸಲು ತೊಡಗಿದ್ದು ಮಹೀಂದ್ರಾದವರು. 1945ರಲ್ಲಿ ಶುರುವಾದಾಗ ಆ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ಲೂ ಆದರು. ಒಂದು ಜೀಪಿನ ಹಿಂದೆ ಎಷ್ಟು ಕಥೆ!

ಅಷ್ಟೆಲ್ಲ ತೂಕ ಇಳಿಸಿದರೂ ಒಂದು ಕಡೆ ಭಾರ ಉಳಿದೇ ಇತ್ತು. ಅದು ಡ್ರೈವರ್ ಕಾಲಿನ ಪಕ್ಕದಲ್ಲಿ, ನೆಲದ ತಗಡಿನ ಕೆಳಗಿರುವ ಗೇರ್‌ಬಾಕ್ಸು. ಕಾರಿಗೆ ಒಂದೇ ಗೇರ್‌ಬಾಕ್ಸಾದರೆ ಜೀಪಿಗೆ ಅದರ ಬೆನ್ನಿಗಂಟಿದಂತೆ ಇನ್ನೊಂದು ಎರಕದ ಪೆಟ್ಟಿಗೆಯಿದೆ. ಎಂಜಿನ್ನಿನಿಂದ ಬಂದ ಬಲವನ್ನು ಹಿಂದಿನ ಗಾಲಿಗಿಷ್ಟು, ಮುಂದಿನ ಗಾಲಿಗಿಷ್ಟು ಎಂದು ಹಂಚುವುದು ಅದರ ಕೆಲಸ. ಕೆಸರಿಗೆ ಬಿದ್ದಾಗ ವೇಗ ಇಳಿಸಿ ಎಳೆತ ಹೆಚ್ಚಿಸುವುದೂ ಅದೇ. ತಲಕಾಡಿನ ಮರಳಿನಲ್ಲಿ, ನಂಜನಗೂಡಿನಾಚೆಯ ಎರೆಮಣ್ಣಿನಲ್ಲಿ ಎತ್ತಿನ ಗಾಡಿ ಹೂತರೂ ಜೀಪು ಎದ್ದು ಬರುತ್ತಿದ್ದದ್ದು ಆ ಪೆಟ್ಟಿಗೆಯಿಂದ. ಎರಡೂ ಸೇರಿದರೆ ಒಬ್ಬ ಗಟ್ಟಿ ಆಳಿನ ತೂಕ. ಎಣ್ಣೆ ಮೆತ್ತಿದ, ಹಿಡಿಯಲು ಹಿಡಿಯಿಲ್ಲದ ತೂಕ.

1979ರ ಸುಗ್ಗಿಯ ಹೊತ್ತಿಗೆ ನಮ್ಮ ಜೀಪಿನ ಕ್ಲಚ್ ಪ್ಲೇಟು ತೇದುಹೋಯಿತು. ಎಂಜಿನ್ ಅರಚುವುದು, ಗಾಡಿ ಮಾತ್ರ ಕದಲದು. ಕ್ಲಚ್ ಪ್ಲೇಟೆಂದರೆ ಒಂದು ಅಕ್ಕಿರೊಟ್ಟಿಯಗಲದ ತಟ್ಟೆ ಅಷ್ಟೆ. ಆದರೆ ಅದು ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ರೊಟ್ಟಿ ತೆಗೆಯಬೇಕಾದರೆ ಒಲೆಯನ್ನೇ ಕೀಳಬೇಕು ಎಂದಹಾಗೆ. ಮೈಸೂರಿಗೆ ಎಳೆದುಕೊಂಡು ಹೋಗಲು ಲಾರಿಯವರು ಕೇಳಿದ ಬಾಡಿಗೆಗೆ ಅಪ್ಪ ಹೌಹಾರಿದರು. ನಂಜನಗೂಡಿನಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿ, ಮನೆಯಂಗಳದಲ್ಲೇ ಬಿಚ್ಚುವುದೆಂದು ತೀರ್ಮಾನವಾಯಿತು. ಅಂಗಳ ಹೊಳೆಯ ಕಡೆಗೆ ಇಳಿಜಾರು. ಮಳೆನೀರು ನಿಲ್ಲಬಾರದೆಂದು ತಾತನ ಕಾಲದಲ್ಲೇ ಹಾಗೆ ಮಾಡಿಸಿದ್ದರು.

ನಮ್ಮಜ್ಜಿ ನಂಜನಗೂಡಿನ ತೇರಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ದೊಡ್ಡಜಾತ್ರೆಯ ದಿನ ಶ್ರೀಕಂಠೇಶ್ವರನ ಐದು ತೇರು ಹೊರಡುವುದನ್ನು ಜಗಲಿಯ ಮೇಲಿಂದ ನೋಡಿದವಳು. ಸಾವಿರಾರು ಜನ ಹಗ್ಗ ಎಳೆಯುವುದನ್ನು ಎಲ್ಲರೂ ನೋಡುತ್ತಾರೆ. ಅಜ್ಜಿ ನೋಡುತ್ತಿದ್ದದ್ದು ಗಾಲಿಯ ಪಕ್ಕದಲ್ಲಿ ಮರದ ಬೆಣೆ ಹಿಡಿದು ಓಡುವ ಕೆಲವರನ್ನು. ತೇರಿಗೆ ಬ್ರೇಕಿಲ್ಲ, ಸ್ಟಿಯರಿಂಗಿಲ್ಲ. ನಿಲ್ಲಿಸುವುದೂ ತಿರುಗಿಸುವುದೂ ಆ ಬೆಣೆಯೇ. ಕ್ಷಣ ತಪ್ಪಿದರೆ ಜೀವ.

ಮೇಸ್ತ್ರಿ ಸೀಟು ತೆಗೆದು, ನೆಲದ ತಗಡು ಬಿಚ್ಚಿದ. ಚಿಕ್ಕಪ್ಪ ಒಂದು ತಟ್ಟೆಯಲ್ಲಿ ಬೋಲ್ಟುಗಳನ್ನು ಕಳಚಿದ ಸರದಿಯಲ್ಲೇ ಇಡುತ್ತಿದ್ದ. ಅದು ಅಮ್ಮನ ಹೋಳಿಗೆ ತಟ್ಟೆ. ಅಜ್ಜಿ ಕಂಬಕ್ಕೊರಗಿ ನೋಡುತ್ತಿದ್ದವಳು, "ಲೋ, ಗಾಲಿಗೆ ಏನು ಕೊಟ್ಟಿದ್ದೀರೋ?" ಅಂದಳು.

"ಹ್ಯಾಂಡ್‌ಬ್ರೇಕ್ ಹಾಕಿದೆ ಕಣವ್ವ," ಎಂದರು ಅಪ್ಪ.

ಮೇಸ್ತ್ರಿ ತಲೆಯೆತ್ತಿದ. "ಅಮ್ಮಾವ್ರು ಕೇಳಿದ್ದು ಸರಿ ಸ್ವಾಮಿ. ಈ ಗಾಡಿಗೆ ಹ್ಯಾಂಡ್‌ಬ್ರೇಕ್ ಗಾಲಿ ಹಿಡಿಯಲ್ಲ."

ಅವನು ಅಂದು ವಿವರಿಸಿದ್ದು ನನಗೆ ಪೂರ್ತಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಾಲದ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಎರಡನೆಯ ಪೆಟ್ಟಿಗೆಯ ಹಿಂಬದಿಯಲ್ಲಿ. ಅಲ್ಲಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟನ್ನು ಅದು ಹಿಡಿಯುತ್ತದೆ. ಶಾಫ್ಟು ಗಾಲಿಯನ್ನು ಹಿಡಿಯುತ್ತದೆ. ಪೆಟ್ಟಿಗೆ ಇಳಿಸಬೇಕಾದರೆ ಮೊದಲು ಕಳಚುವುದು ಹಿಂದಿನ, ಮುಂದಿನ ಎರಡೂ ಶಾಫ್ಟುಗಳನ್ನು. ಅದನ್ನು ಕಳಚಿದ ಗಳಿಗೆಯಿಂದ ಬ್ರೇಕು ಹಿಡಿದಿರುವುದು ತನ್ನನ್ನು ತಾನೇ. ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೆ. ಕೆಳಗೆ ಒಬ್ಬ ಮನುಷ್ಯ ಅಂಗಾತ ಮಲಗಿರುತ್ತಾನೆ, ಮೇಲೆ ಒಂದು ಟನ್ನಿನ ಗಾಡಿ ಯಾರ ಹಿಡಿತದಲ್ಲೂ ಇಲ್ಲ.

ಆಳು ಎರಡು ಕಲ್ಲು ತಂದ. ಅಜ್ಜಿ ಒಪ್ಪಲಿಲ್ಲ. ಉರುಟು ಕಲ್ಲು ತಾನೇ ಉರುಳುತ್ತೆ, ಮರ ಆದರೆ ನೆಲ ಕಚ್ಚುತ್ತೆ ಎಂದಳು. ಹಿತ್ತಿಲಲ್ಲಿ ನೇಗಿಲಿಗೆಂದು ಇಟ್ಟಿದ್ದ ಕರಿಜಾಲಿಯ ತುಂಡನ್ನು ಓರೆಯಾಗಿ ಕಡಿಸಿ ನಾಲ್ಕು ಬೆಣೆ ಮಾಡಿಸಿ, ಸುತ್ತಿಗೆಯಲ್ಲಿ ಹೊಡೆಸಿದಳು. ಆಮೇಲೆ ಹಗ್ಗದ ಪಂಚಾಯ್ತಿ. ಗೇರ್‌ಬಾಕ್ಸನ್ನು ಕೈಯಲ್ಲಿ ಇಳಿಸಲಾಗದು. ಜೀಪಿನ ಎರಡೂ ಬದಿಗೆ ಅಡ್ಡಲಾಗಿ ತೊಲೆಯೊಂದನ್ನಿಟ್ಟು, ನೆಲದ ತೂತಿನಿಂದ ಹಗ್ಗ ಬಿಟ್ಟು ಕಟ್ಟಿ ನಿಧಾನವಾಗಿ ಇಳಿಸಬೇಕು. ಅಪ್ಪ ಬಾವಿ ಹಗ್ಗಕ್ಕೆ ಕೈಹಾಕಿದರು. ಈ ಸಲ ಅಮ್ಮ ಬಾಯಿಬಿಟ್ಟಳು: "ಅದು ರಾಟೆ ಹತ್ತಿರ ಸವೆದಿದೆ. ಕೊಡಕ್ಕೇ ಹೆದರಿಕೊಂಡು ಬಿಡ್ತೀನಿ." ದಿನಾ ಸೇದುವವಳ ಮಾತಿಗೆ ಎದುರಾಡಲು ಯಾರಿಗೂ ಬಾಯಿರಲಿಲ್ಲ. ಹುಲ್ಲು ಬಿಗಿಯಲು ತಂದಿದ್ದ ಹೊಸ ಮಿಣಿ ಬಂತು.

ಎಂಜಿನ್ನಿನ ಹಿಂಭಾಗ ಕೂತಿರುವ ಅಡ್ಡಪಟ್ಟಿಯನ್ನೂ ಬಿಚ್ಚಬೇಕಾದ್ದರಿಂದ ಅದರ ಕೆಳಗೆ ಮರದ ದಿಮ್ಮಿ ಪೇರಿಸಿದರು. ಬರೀ ಜಾಕಿನ ಮೇಲೆ ನಿಲ್ಲಿಸಲು ಮೇಸ್ತ್ರಿ ಒಪ್ಪಲಿಲ್ಲ. ಚಿಕ್ಕಪ್ಪ ಕೆಳಗೆ ನುಸುಳಿದ. ನನಗೆ ಕಾಣುತ್ತಿದ್ದದ್ದು ಅವನ ಎರಡು ಪಾದ. ಹಿಂದಿನ ಶಾಫ್ಟಿನ ಕೊನೆಯ ನಟ್ಟು ಕಳಚಿದಾಗ ಜೀಪು ಒಮ್ಮೆ ಅಲುಗಿತು. ಕಿರ್ ಎಂದು ಕರಿಜಾಲಿಯ ಸದ್ದು. ಅಷ್ಟೇ, ಒಂದು ಬೆರಳಿನಷ್ಟು ಸರಿದು ನಿಂತಿತು. ಯಾರೂ ಮಾತಾಡಲಿಲ್ಲ. ಅಮ್ಮ ನನ್ನ ಭುಜ ಹಿಡಿದದ್ದು ಸಂಜೆಯಾದರೂ ಕೆಂಪಗಿತ್ತು. ಅಜ್ಜಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದಳು, ಹೊತ್ತಲ್ಲದ ಹೊತ್ತಿನಲ್ಲಿ.

ಮುಂದಿನದೆಲ್ಲ ಸಲೀಸು. ಪೆಟ್ಟಿಗೆಯನ್ನು ಹಿಂದಕ್ಕೆ ಜಗ್ಗಿ, ಕ್ಲಚ್ಚಿನಿಂದ ಅದರ ಮೂತಿ ಬಿಡಿಸಿ, ಹುಲ್ಲು ತುಂಬಿದ ಗೋಣಿಯ ಮೇಲೆ ಇಳಿಸಿ ಎಳೆದುಕೊಂಡರು. ಹಳೆಯ ಪ್ಲೇಟು ತೆಗೆದಾಗ ಒಳಗಿನ ಕಪ್ಪು ಧೂಳನ್ನು ಮೇಸ್ತ್ರಿ ಉಫ್ ಎಂದು ಬಾಯಿಂದ ಊದಿದ. ನಾವು ಮಕ್ಕಳು ಸುತ್ತ ನಿಂತಿದ್ದೆವು. ಆಗಿನ ಕ್ಲಚ್ಚು, ಬ್ರೇಕುಗಳ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಎಂಥ ಹಾನಿ ಎಂಬುದು ಈಗ ಎಲ್ಲರಿಗೂ ಗೊತ್ತು. ಬೆಣೆಯ ಲೆಕ್ಕ ಇಟ್ಟ ಅಜ್ಜಿಗೂ ಆ ಧೂಳಿನ ಲೆಕ್ಕ ತಿಳಿದಿರಲಿಲ್ಲ. ದಿನವಿಡೀ ಅದನ್ನೇ ಊದುತ್ತಿದ್ದ ಮೇಸ್ತ್ರಿಗಳೆಷ್ಟೋ.

ಮೂರನೆಯ ದಿನ ಜೀಪು ಗದ್ದೆಗೆ ಹೋಯಿತು. ಹೋಳಿಗೆ ತಟ್ಟೆಯನ್ನು ಸೀಗೆಪುಡಿ ಹಾಕಿ ತಿಕ್ಕಿದರೂ ಎಣ್ಣೆಯ ವಾಸನೆ ಬಿಡಲಿಲ್ಲ, ಅದನ್ನು ಜೀಪಿಗೇ ಕೊಟ್ಟುಬಿಟ್ಟದ್ದಾಯಿತು. 1986ರಲ್ಲಿ ಜೀಪನ್ನು ಮಾರಿದಾಗ ಕೊಂಡವರು ಸ್ಪ್ಯಾನರು, ಜಾಕು ಎಣಿಸಿಕೊಂಡು ಹೊರಟರು. ಅಪ್ಪ ಅವರನ್ನು ನಿಲ್ಲಿಸಿ, ಕೊಟ್ಟಿಗೆಯಿಂದ ಆ ನಾಲ್ಕು ಬೆಣೆಗಳನ್ನೂ ತಂದು ಹಿಂದಿನ ಸೀಟಿನ ಕೆಳಗೆ ಇಟ್ಟರು.