ಪಿಂಡಾರಿ ದಳಗಳ ಪರಸ್ಪರ ವೈರವೂ ಕಲಬುರಗಿ ಸೀಮೆಯೂ

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಇಂದು ಅದು ತಾಲ್ಲೂಕಿನ ಕೇಂದ್ರ; ಕೆಂಪು ಬಾಳೆಯ ಹಣ್ಣಿನಿಂದ ಹೆಸರಾದ ಊರು. ಈ ಸೀಮೆಯ ಹಳ್ಳಿಗಳಲ್ಲಿ ಸಂಚರಿಸಿದವರು ಊರ ನಡುವೆ ಅಥವಾ ಅಂಚಿನಲ್ಲಿ ದುಂಡಗೆ ಎದ್ದುನಿಂತ ಹುಡೇವುಗಳನ್ನು ಕಂಡಿರುತ್ತಾರೆ. ಇವೆಲ್ಲವೂ ಪಿಂಡಾರಿಗಳ ಭಯದಿಂದಲೇ ಹುಟ್ಟಿದವೆಂದು ಹೇಳುವುದು ಅತಿಯಾದೀತು. ಪಾಳೆಯಗಾರರ ಕಾಟ, ನೆರೆಯೂರಿನ ಹಗೆ, ವಸೂಲಿದಾರನ ದಂಡು, ಇವೂ ಕಾರಣಗಳೇ. ಆದರೆ ಕುದುರೆಯ ಧೂಳನ್ನು ದೂರದಿಂದಲೇ ಕಂಡು ಊರಬಾಗಿಲನ್ನು ಮುಚ್ಚಬೇಕಾಗಿದ್ದ ಕಾಲವೊಂದು ಈ ನಾಡಿಗಿತ್ತೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ನಮ್ಮ ಪಠ್ಯಪುಸ್ತಕಗಳು ಪಿಂಡಾರಿಗಳನ್ನು ಏಕಾಕಾರವಾದ ಒಂದು ಕಳ್ಳರ ಸಮೂಹವೆಂಬಂತೆ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅವರು ಹಲವು ದಳಗಳಾಗಿ ಒಡೆದಿದ್ದರು; ಆ ದಳಗಳು ಒಂದನ್ನೊಂದು ದ್ವೇಷಿಸುತ್ತಿದ್ದವು; ನರ್ಮದೆಯ ದಡದ ಆ ಒಳಜಗಳದ ಫಲವನ್ನು ನೂರಾರು ಮೈಲಿ ದಕ್ಷಿಣದಲ್ಲಿದ್ದ ನಿಜಾಮನ ಪ್ರಜೆಗಳು ಉಣ್ಣಬೇಕಾಯಿತು. (ಹೆಸರಿನ ಸಾಮ್ಯದಿಂದ ನಮ್ಮ ಪಿಂಜಾರರನ್ನು ಈ ಜನರೊಡನೆ ಬೆರೆಸುವವರೂ ಉಂಟು. ಪಿಂಜಾರರು ಅರಳೆ ಹಿಂಜುವ ಕಸಬಿನವರು. ಅವರಿಗೂ ಇವರಿಗೂ ಸಂಬಂಧವಿಲ್ಲ.)

ಪಿಂಡಾರಿಯೆಂಬುದು ಒಂದು ಜಾತಿಯಾಗಲಿ ಮತವಾಗಲಿ ಆಗಿರಲಿಲ್ಲ. ಮರಾಠರ ದಂಡಿನ ಹಿಂದೆ ಸಂಬಳವಿಲ್ಲದೆ, ಲೂಟಿಯ ಪಾಲನ್ನೇ ನಂಬಿ ಸಾಗುತ್ತಿದ್ದ ಸವಾರರು ಇವರು. ಹೋಳ್ಕರನನ್ನು ಅನುಸರಿಸಿದವರು ಹೋಳ್ಕರಶಾಹಿ ಎಂದೂ ಶಿಂಧೆಯನ್ನು ಅನುಸರಿಸಿದವರು ಶಿಂಧೇಶಾಹಿ ಎಂದೂ ಕರೆಯಿಸಿಕೊಂಡರು. ಮಲ್ಹಾರರಾವ್ ಹೋಳ್ಕರನು ಇವರ ನಾಯಕನೊಬ್ಬನಿಗೆ ಸುವರ್ಣಧ್ವಜವನ್ನೇ ಕೊಟ್ಟಿದ್ದನಂತೆ. ಇವರ ದಾಳಿಯ ರೀತಿಯನ್ನು ಜಾನ್ ಮಾಲ್ಕಮ್ ವಿವರಿಸಿದ್ದಾನೆ. ಡೇರೆಯಿಲ್ಲ, ಸಾಮಾನು ಸರಂಜಾಮಿಲ್ಲ. ತನಗೆ ಒಂದಿಷ್ಟು ರೊಟ್ಟಿ, ಕುದುರೆಗೆ ಒಂದಿಷ್ಟು ಕಾಳು. ಸಾವಿರ ಮಂದಿಯಲ್ಲಿ ನಾನೂರು ಮಂದಿಗೆ ಮಾತ್ರ ಒಳ್ಳೆಯ ಕುದುರೆ, ಉದ್ದನೆಯ ಬಿದಿರ ಭರ್ಜಿ. ದಿನಕ್ಕೆ ನಲವತ್ತು ಐವತ್ತು ಮೈಲಿಗಳ ಓಟ. ಕಾದುವುದು ಅವರ ಉದ್ದೇಶವೇ ಅಲ್ಲ. ದೋಚಿಕೊಂಡು ಓಡುವುದೇ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇವರಲ್ಲಿ ಇಬ್ಬರು ಪ್ರಬಲರಾದರು. ಕರೀಂಖಾನನು ಪಿಂಡಾರಿ ನಾಯಕನ ಮಗ. 1795ರ ಖರ್ಡಾ ಕದನದಲ್ಲಿ ನಿಜಾಮನ ಪಾಳೆಯವನ್ನು ದೋಚಿ, ಅಷ್ಟು ಸಂಪತ್ತು ಕೈಯಲ್ಲಿದ್ದರೆ ಅಪಾಯವೆಂದು ದಖ್ಖನನ್ನೇ ಬಿಟ್ಟೋಡಿದವನು. ಚೀತುವಾದರೋ ಬರಗಾಲದಲ್ಲಿ ಬಾಲ್ಯದಲ್ಲೇ ಮಾರಾಟವಾಗಿ, ಪಿಂಡಾರಿಯೊಬ್ಬನ ಸಾಕುಮಗನಾಗಿ ಬೆಳೆದವನು. ದೌಲತರಾವ್ ಶಿಂಧೆಯು ಇಬ್ಬರಿಗೂ ನವಾಬ ಪದವಿಯನ್ನಿತ್ತನು, ಜಹಗೀರುಗಳನ್ನೂ ಇತ್ತನು. ವೈರದ ಬೀಜವು ಇಲ್ಲಿಯೇ ಬಿತ್ತು.

ಕರೀಮನ ಬಲ ಮಿತಿಮೀರುವುದನ್ನು ಕಂಡು, 1806ರ ಸುಮಾರಿಗೆ ಶಿಂಧೆಯು ಅವನ ಬಿಡಾರಕ್ಕೆ ತಾನಾಗಿ ಭೇಟಿಯಿತ್ತನು. ಕರೀಮನು ಒಂದೂಕಾಲು ಲಕ್ಷ ರೂಪಾಯಿಗಳನ್ನು ರಾಶಿ ಹಾಕಿ, ಮೇಲೆ ಬೆಲೆಬಾಳುವ ವಸ್ತ್ರವನ್ನು ಹೊದಿಸಿ, ಅದನ್ನೇ ಗದ್ದುಗೆಯಾಗಿ ಒಡೆಯನಿಗೆ ಅರ್ಪಿಸಿದನು. ಒಡೆಯನು ಕಾಣಿಕೆಯನ್ನು ಸ್ವೀಕರಿಸಿದನು. ಅನಂತರ ಬೀಳ್ಕೊಳ್ಳಲು ಬಂದ ಕರೀಮನನ್ನು ಹಿಡಿಸಿ ಗ್ವಾಲಿಯರಿನ ಸೆರೆಗೆ ಕಳುಹಿಸಿದನು. ನಾಲ್ಕು ವರ್ಷಗಳ ಸೆರೆಯ ಕಾಲದಲ್ಲಿ ಚೀತುವು ಬೆಳೆದನು. ಆರು ಲಕ್ಷ ತೆತ್ತು ಬಿಡುಗಡೆ ಹೊಂದಿದ ಕರೀಮನು ಚೀತುವಿನೊಡನೆ ಕೂಡಿ ನಾಗಪುರವನ್ನು ಸುಲಿಯಬೇಕೆಂದು ಹವಣಿಸಿದನು. ಚೀತುವಿಗೆ ನಾಗಪುರದ ಭೋಂಸಲೆಯಿಂದ ಭೂಮಿ ದೊರೆತಿತ್ತು, ಅವನು ಒಪ್ಪಲಿಲ್ಲ. ಅಷ್ಟೇ ಅಲ್ಲ, ಶಿಂಧೆಯ ಸರದಾರ ಜಗು ಬಾಪುವಿನೊಡನೆ ಸೇರಿ 1811ರಲ್ಲಿ ಕರೀಮನ ಪಾಳೆಯದ ಮೇಲೆ ಬಿದ್ದು ಅವನನ್ನು ಮುರಿದನು. ಕರೀಮನು ಅಮೀರಖಾನನ ಮರೆಹೊಕ್ಕನು. ಅವನೂ ಕಾಪಾಡದೆ ಹೋಳ್ಕರನ ಕಡೆಯವರ ವಶಕ್ಕೆ ಕೊಟ್ಟನು.

ಆಂಗ್ಲ ಲೇಖಕರು ಇದರಲ್ಲಿ ಕಳ್ಳರ ಸಹಜವಾದ ವಿಶ್ವಾಸಘಾತವನ್ನಷ್ಟೇ ಕಂಡರು. ನಾವು ಹಾಗೆ ಹೇಳಲಾರೆವು. ಈ ಹಗೆಯ ಪ್ರತಿಯೊಂದು ಘಟ್ಟದಲ್ಲಿಯೂ ಒಬ್ಬ ದೊರೆಯ ಸನ್ನದು ಇದೆ, ಒಂದು ಜಹಗೀರು ಇದೆ. ದಳಗಳನ್ನು ಸಾಕಿದ ದರ್ಬಾರುಗಳೇ ಒಂದನ್ನು ಇನ್ನೊಂದರ ಮೇಲೆ ಛೂಬಿಟ್ಟು ತಮ್ಮ ಸೀಮೆಯನ್ನು ಉಳಿಸಿಕೊಂಡವು.

ಹೀಗೆ ಪ್ರತಿಸ್ಪರ್ಧಿಯಿಲ್ಲದೆ ಉಳಿದ ಚೀತುವು ಸಾವಿರಾರು ಸವಾರರಿಗೆ ಅನ್ನ ಕಾಣಿಸಬೇಕಾಗಿತ್ತು. ಶಿಂಧೆಯ ಮತ್ತು ಭೋಂಸಲೆಯ ಭೂಮಿಗಳು ಅವನ ಪೋಷಕರವು. ಉಳಿದದ್ದು ದಕ್ಷಿಣ. ಅಲ್ಲಿ ಸಿಕಂದರ್ ಜಾಹ್ ನಿಜಾಮನು, ಆಡಳಿತ ಚಂದೂಲಾಲನದು. ಗುತ್ತಿಗೆಯ ಕಂದಾಯದಿಂದ ಹಳ್ಳಿಗಳು ಮೊದಲೇ ಬಡವಾಗಿದ್ದವು. 1815ರ ಅಕ್ಟೋಬರಿನಲ್ಲಿ ಸುಮಾರು 8,000 ಸವಾರರು ನರ್ಮದೆಯನ್ನು ದಾಟಿ, ನಿಜಾಮನ ರಾಜ್ಯವನ್ನು ಸೀಳಿಕೊಂಡು ಕೃಷ್ಣೆಯವರೆಗೂ ಬಂದರು. ನದಿ ತುಂಬಿದ್ದುದರಿಂದ ದಾಟಲಾರದೆ ದಡವನ್ನು ಹಿಡಿದು ಪೂರ್ವಕ್ಕೆ ತಿರುಗಿದರು. ಅವರು ಹೊತ್ತೊಯ್ದ ಸೊತ್ತನ್ನು ಕೊಳ್ಳಲು ನರ್ಮದೆಯ ನೇಮಾವರಕ್ಕೆ ವರ್ತಕರು ನೆರೆದರೆಂದು ಪ್ರಿನ್ಸೆಪನು ಬರೆಯುತ್ತಾನೆ. ಲೂಟಿಗೂ ಒಂದು ಸಂತೆಯಿತ್ತು! 1816ರ ವಸಂತದ ದಾಳಿ ಗುಂಟೂರು ಸೀಮೆಯನ್ನು ಮುಟ್ಟಿತು. ಅದು ಕಂಪನಿಯ ನೆಲವಾದುದರಿಂದ ಲೆಕ್ಕ ಬರೆದಿಡಲಾಯಿತು: 12 ದಿನಗಳಲ್ಲಿ 339 ಹಳ್ಳಿಗಳು ಲೂಟಿಯಾದವು, 182 ಜನ ಸತ್ತರು, 505 ಜನ ಗಾಯಗೊಂಡರು, 3,603 ಜನ ಹಿಂಸೆಗೊಳಗಾದರು. ಬಚ್ಚಿಟ್ಟ ಹಣವನ್ನು ತೋರಿಸೆಂದು ಬಿಸಿಬೂದಿಯ ಚೀಲವನ್ನು ಮುಖಕ್ಕೆ ಕಟ್ಟುತ್ತಿದ್ದುದು ಆ ಹಿಂಸೆಯ ಒಂದು ಬಗೆ.

ಹಗೆ ಯಾರದೋ, ಸಾವು ಯಾರದೋ ಎಂಬ ಈ ಸ್ಥಿತಿ ಆ ಕಾಲಕ್ಕೆ ಮಾತ್ರ ಸೇರಿದುದಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1994ರಿಂದ 2002ರವರೆಗೆ ಹೆಲ್ಸ್ ಏಂಜಲ್ಸ್ ಮತ್ತು ರಾಕ್ ಮಷೀನ್ ಎಂಬ ಮೋಟಾರು ಸೈಕಲ್ ಕೂಟಗಳು ಮಾದಕ ವಸ್ತುಗಳ ಮಾರುಕಟ್ಟೆಗಾಗಿ ಹೊಡೆದಾಡಿ 160ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಗುರುತಿನ ಲಾಂಛನಗಳು, ಅಲ್ಲಿಯೂ ಸೀಮೆಯ ಹಕ್ಕು. 1995ರಲ್ಲಿ ಮಾಂಟ್ರಿಯಲಿನ ಬೀದಿಯಲ್ಲಿ ಸ್ಫೋಟಕ್ಕೆ ಸಿಕ್ಕಿ ಸತ್ತ 11 ವರ್ಷದ ಹುಡುಗನಿಗೆ ಯಾವ ಕೂಟದ ಸಂಬಂಧವೂ ಇರಲಿಲ್ಲ. ಆ ಸಾವಿನ ನಂತರವೇ, 1997ರಲ್ಲಿ, ಕೆನಡಾ ಇಂಥ ಕೂಟಗಳ ವಿರುದ್ಧ ಶಾಸನ ಮಾಡಿತು.

ಹಾಗೆಯೇ ಗುಂಟೂರಿನ ದಾಳಿಯು ಕಂಪನಿಯ ಕಣ್ಣು ತೆರೆಯಿಸಿತು. 1817ರ ಜನವರಿಯಲ್ಲಿ ಹೈದರಾಬಾದಿನಿಂದ ಹೊರಟ ಮೇಜರ್ ಮ್ಯಾಕ್‌ಡೊವೆಲನ ಪಡೆ ಬೀದರಿನ ಸಮೀಪ ತಂಗಿದ್ದ ಪಿಂಡಾರಿಗಳ ಮೇಲೆ ಅನಿರೀಕ್ಷಿತವಾಗಿ ಎರಗಿತು. ಬಹುಮಂದಿ ಕುದುರೆಗಳನ್ನು ಬಿಟ್ಟು ಚದುರಿದರು. ಬೀದರಿಗೂ ಕಮಲಾಪುರಕ್ಕೂ ನಡುವಣ ದಾರಿ ಪಿಂಡಾರಿಯ ಕುದುರೆಗೆ ಒಂದು ದಿನದ ಓಟ; ಕಲಬುರಗಿಯ ಕೋಟೆ ಮರುದಿನದ ಬೆಳಗಿನದು. ಅಲ್ಲಿಂದ ತಪ್ಪಿಸಿಕೊಂಡ ಶೇಖ್ ದುಲ್ಲಾ ಎಂಬ ನಾಯಕನು ಕೆಲವು ನೂರು ಸವಾರರೊಡನೆ ಪಶ್ಚಿಮಕ್ಕೆ ನುಗ್ಗಿ ಕೊಂಕಣವನ್ನೇ ದೋಚಿದನು. ದಖ್ಖನಿನ ರಕ್ಷಣೆ ಎಷ್ಟು ಸಡಿಲವಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

1817ರ ಕೊನೆಗೆ ಗವರ್ನರ್ ಜನರಲ್ ಹೇಸ್ಟಿಂಗ್ಸನ ಸೇನೆಗಳು ಉತ್ತರದಿಂದಲೂ ದಕ್ಷಿಣದಿಂದಲೂ ಮುತ್ತಿದಾಗ ದಳಗಳು ಒಂದಾಗಿ ನಿಲ್ಲಲಿಲ್ಲ. ನಿಲ್ಲುವಷ್ಟು ನಂಬಿಕೆ ಅವುಗಳ ನಡುವೆ ಉಳಿದಿರಲಿಲ್ಲ. ಕರೀಮನು 1818ರ ಫೆಬ್ರವರಿಯಲ್ಲಿ ಮಾಲ್ಕಮನಿಗೆ ಶರಣಾಗಿ ಗೋರಖಪುರದ ಕಡೆ ಜಮೀನು ಪಡೆದನು. ಚೀತುವು ಕಾಡುಪಾಲಾದನು. 1819ರಲ್ಲಿ ಅಸೀರಗಢದ ಬಳಿಯ ಅರಣ್ಯದಲ್ಲಿ ಅವನ ಕುದುರೆಯು ಜೀನು ಸಹಿತವಾಗಿ ಮೇಯುತ್ತಿದ್ದುದು ಕಂಡಿತು. ಅವನನ್ನು ಹುಲಿ ತಿಂದಿತ್ತು. ಜೀನಿನ ಚೀಲದಲ್ಲಿ ಮುದ್ರೆಯುಂಗುರಗಳೂ, ಮುಂದೆ ಬಹುಮಾನ ಕೊಡುವುದಾಗಿ ನಾಗಪುರದ ಪದಚ್ಯುತ ರಾಜ ಅಪ್ಪಾಸಾಹೇಬನು ಬರೆದ ಪತ್ರಗಳೂ ದೊರೆತವು.