ಮಕ್ಕಳ ಸಸ್ಯಪಾಠ

ಬೀಜ ಬಿತ್ತುವುದು, ಎಲೆ ಆಯುವುದು, ಹೂ ಬಿಡಿಸಿ ನೋಡುವುದು, ಒಂದೇ ಮರವನ್ನು ವರ್ಷವಿಡೀ ಗಮನಿಸುವುದು ಮುಂತಾದ ಕೆಲಸಗಳ ಮೂಲಕ ಮಕ್ಕಳಿಗೆ ಸಸ್ಯಲೋಕವನ್ನು ಪರಿಚಯಿಸುವ ಬೋಧನಾಕ್ರಮ. ಪ್ರಾಥಮಿಕ ಮತ್ತು ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಇದರ ಬಳಕೆ ಹೆಚ್ಚು. ಪ್ರಾಣಿಗಳ ಪಾಠಕ್ಕಿಲ್ಲದ ಒಂದು ತೊಡಕು ಇಲ್ಲಿದೆ: ಗಿಡ ಓಡುವುದಿಲ್ಲ, ಕೂಗುವುದಿಲ್ಲ, ಅದರಲ್ಲಾಗುವ ಬದಲಾವಣೆ ಒಂದು ಪೀರಿಯಡ್ಡಿನೊಳಗೆ ಕಾಣಿಸುವುದೂ ಇಲ್ಲ. ಕಣ್ಣೆದುರಿನ ಗಿಡಮರಗಳು ಗಮನಕ್ಕೇ ಬಾರದಿರುವ ಪ್ರವೃತ್ತಿಯನ್ನು ಅಮೆರಿಕದ ಜೇಮ್ಸ್ ವಾಂಡರ್ಸೀ ಮತ್ತು ಎಲಿಸಬೆತ್ ಶುಸ್ಲರ್ 1999ರಲ್ಲಿ ‘ಸಸ್ಯಕುರುಡು’ ಎಂದು ಕರೆದರು. ಈ ಕುರುಡು ನೀಗಬೇಕಾದರೆ ಮಕ್ಕಳು ಒಂದೇ ಗಿಡದ ಬಳಿಗೆ ಮತ್ತೆ ಮತ್ತೆ ಹೋಗಬೇಕು, ಕಂಡದ್ದನ್ನು ಬರೆದಿಡಬೇಕು. ಒಂದು ದಿನದ ಚಟುವಟಿಕೆಯಿಂದ ಆಗುವ ಕೆಲಸವಲ್ಲ ಇದು.

ಮಕ್ಕಳ ಕೈಗೆ ಮಣ್ಣು ಕೊಡಬೇಕೆಂಬ ವಿಚಾರ ಹಳೆಯದೇ. ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಕಿಂಡರ್‌ಗಾರ್ಟನ್ ಎನಿಸಿತು. ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಪಾತಿ, ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಗಳು ಇರಬೇಕೆಂಬುದು ಫ್ರೋಬೆಲ್ ಕಲ್ಪನೆ. ಅದೇ ಪರಂಪರೆಯಿಂದ ಬಂದ ನಮ್ಮ ಎಲ್‌ಕೆಜಿ, ಯುಕೆಜಿಗಳು ಪಾತಿಯನ್ನು ಕೈಬಿಟ್ಟು ಕಾಪಿ ಬರೆಸುವುದನ್ನು ಹಿಡಿದುಕೊಂಡವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೆ ಪ್ರಕೃತಿಪಾಠ ಕಲಿಸಿದ ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ 1911ರಲ್ಲಿ ಆ ಕುರಿತ ಕೈಪಿಡಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಪಾಠಗಳು ಮರದ ನೆರಳಿನಲ್ಲೇ ನಡೆದವು; 1928ರಲ್ಲಿ ಅಲ್ಲಿ ವೃಕ್ಷಾರೋಪಣ ಉತ್ಸವವೂ ಸೇರಿಕೊಂಡಿತು.

ಸಸ್ಯಪಾಠವನ್ನು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಒಯ್ದ ಪ್ರಯೋಗಗಳಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಮುಖ್ಯವಾದದ್ದು. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾಗಿ 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. ಬಯಲಿಗೆ ಹೋಗಿ ಸಸ್ಯಗಳನ್ನು ತಂದು ಗುಂಪು ಮಾಡುವುದು ಅಲ್ಲಿ ಪಾಠದ ಭಾಗವೇ ಆಗಿತ್ತು. 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು, ಅದರ ವಿಧಾನ ಮಾತ್ರ ದೇಶದ ಅನೇಕ ಶಿಕ್ಷಕರಿಗೆ ದಾಟಿತು.

ಎಲೆ ಮತ್ತು ಬೇರಿನ ಪಾಠವನ್ನೇ ನೋಡಬಹುದು. ಮಕ್ಕಳು ಬೇಲಿಸಾಲಿನಿಂದ ಕಳೆಗಿಡಗಳನ್ನು ಬೇರುಸಹಿತ ಕಿತ್ತು ತರುತ್ತಾರೆ. ನರಗಳು ಸಮಾನಾಂತರವಾಗಿ ಸಾಗಿದ ಎಲೆಗಳು ಒಂದು ಕಡೆ, ಬಲೆಯಂತೆ ಹೆಣೆದುಕೊಂಡವು ಇನ್ನೊಂದು ಕಡೆ. ಆಮೇಲೆ ಬೇರು ನೋಡಿದರೆ ಮೊದಲ ಗುಂಪಿನದು ಬಹುತೇಕ ನಾರುಬೇರು, ಎರಡನೆಯದರದು ತಾಯಿಬೇರು. ಹುಲ್ಲು, ರಾಗಿ, ಜೋಳ, ತುಂಬೆ, ಹರಿವೆ ಎಲ್ಲವೂ ಈ ನಿಯಮಕ್ಕೆ ಒಗ್ಗುತ್ತವೆ. ಯಾರೋ ಕೆಸುವಿನ ಎಲೆ ತಂದಾಗ ನಿಜವಾದ ಗಮ್ಮತ್ತು: ನರಗಳು ಬಲೆ, ಬುಡದಲ್ಲಿ ಗಡ್ಡೆ, ತಾಯಿಬೇರಿನ ಸುಳಿವೇ ಇಲ್ಲ. ಕೊಂಬೆ ನೆಟ್ಟು ಬೆಳೆಸಿದ ದಾಸವಾಳದಲ್ಲೂ ಬೀಜದ ಗಿಡಕ್ಕಿರುವಂಥ ತಾಯಿಬೇರು ಸಿಗದು. ನಿಯಮವನ್ನು ಬಾಯಿಪಾಠ ಮಾಡಿದ ಮಗುವಿಗೆ ಇದು ಗೊಂದಲ, ತಾನೇ ಕಂಡುಕೊಂಡ ಮಗುವಿಗೆ ಮುಂದಿನ ಪ್ರಶ್ನೆ. ಅಪವಾದಗಳನ್ನು ಮೊದಲೇ ಹೇಳಿಬಿಡುವ ಶಿಕ್ಷಕರು ಪಾಠದ ರುಚಿಯಾದ ಭಾಗವನ್ನು ತಾವೇ ತಿಂದಂತೆ.

ಬೀಜ ಮೊಳೆಯುವುದು ಎಲ್ಲ ಶಾಲೆಗಳಿಗೂ ಎಟಕುವ ಪ್ರಯೋಗ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿಯ ಐದನೇ ತರಗತಿ ಪುಸ್ತಕದಲ್ಲಿ ಮೂರು ಬಟ್ಟಲುಗಳ ಹೋಲಿಕೆಯಿದೆ: ಒಂದರಲ್ಲಿ ಕಡಲೆಕಾಳು ನೀರಿನಲ್ಲಿ ಪೂರ್ತಿ ಮುಳುಗಿರುತ್ತದೆ, ಇನ್ನೊಂದರಲ್ಲಿ ಒದ್ದೆ ಹತ್ತಿಯ ಮೇಲಿರುತ್ತದೆ, ಮೂರನೆಯದರಲ್ಲಿ ಒಣಗಿಯೇ ಇರುತ್ತದೆ. ಗಾಳಿ ಮತ್ತು ನೀರು ಎರಡೂ ಬೇಕೆಂಬುದನ್ನು ಬಟ್ಟಲುಗಳೇ ಹೇಳುತ್ತವೆ. ಕನ್ನಡದ ಅಡುಗೆಮನೆ ಇದಕ್ಕೊಂದು ಸೊಗಸಾದ ಉಪಪ್ರಯೋಗ ಒದಗಿಸುತ್ತದೆ. ಉಸಲಿಗೆ ನೆನೆಹಾಕಿದ ಹೆಸರುಕಾಳು ಮೊಳಕೆ ಒಡೆಯುತ್ತದೆ, ಕೋಸಂಬರಿಗೆ ನೆನೆಹಾಕಿದ ಹೆಸರುಬೇಳೆ ಒಡೆಯುವುದಿಲ್ಲ. ನೆನೆದ ಕಾಳನ್ನು ಉಗುರಿನಿಂದ ಬಿಡಿಸಿ, ಎರಡು ಬೇಳೆಗಳ ನಡುವಿನ ಪುಟ್ಟ ಭ್ರೂಣವನ್ನು ನೋಡಿದ ಮಕ್ಕಳಿಗೆ ಕಾರಣ ತಾನಾಗಿಯೇ ಹೊಳೆಯುತ್ತದೆ.

ಅಲ್ಲಿಗೇ ನಿಲ್ಲಿಸದೆ ಹೆಸರು ಮತ್ತು ಕಡಲೆಯನ್ನು ಅಕ್ಕಪಕ್ಕದ ಕುಂಡಗಳಲ್ಲಿ ಬಿತ್ತಿದರೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಹೆಸರಿನ ಸಸಿ ತನ್ನ ಬೇಳೆಗಳನ್ನು ಹೊತ್ತುಕೊಂಡೇ ಮಣ್ಣಿನಿಂದ ಮೇಲೇಳುತ್ತದೆ. ಕಡಲೆಯ ಬೇಳೆಗಳು ಮಣ್ಣಿನೊಳಗೇ ಉಳಿಯುತ್ತವೆ. ಅಲಸಂದೆ, ಹುಣಸೆ ಹೆಸರಿನ ಪಕ್ಷ. ತೊಗರಿ ಕಡಲೆಯ ಪಕ್ಷ.

ಗಿಡ ಮಣ್ಣನ್ನೇ ತಿಂದು ಬೆಳೆಯುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿದೆ, ದೊಡ್ಡವರಲ್ಲೂ ಕಡಿಮೆಯೇನಿಲ್ಲ. 17ನೇ ಶತಮಾನದಲ್ಲಿ ಯಾನ್ ವಾನ್ ಹೆಲ್ಮಾಂಟ್ ಸುಮಾರು 90 ಕಿಲೋ ಒಣಮಣ್ಣಿನಲ್ಲಿ ವಿಲೋ ಸಸಿ ನೆಟ್ಟು ಐದು ವರ್ಷ ನೀರುಣಿಸಿದ. ಎರಡು ಕಿಲೋ ಚಿಲ್ಲರೆ ಇದ್ದ ಸಸಿ 76 ಕಿಲೋ ದಾಟಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಮಿನಷ್ಟು ಮಾತ್ರ. ಎಲ್ಲವೂ ನೀರಿನಿಂದಲೇ ಬಂತು ಎಂದು ಅವನು ತೀರ್ಮಾನಿಸಿದ. ಗಾಳಿಯ ಇಂಗಾಲದ ಡೈಆಕ್ಸೈಡ್ ಅವನ ಲೆಕ್ಕಕ್ಕೆ ಬರಲಿಲ್ಲ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಮಿಕ್ಕ ತೂಕ ಎಲ್ಲಿಂದ ಬಂತೆಂದು ಕೇಳಿದರೆ ದ್ಯುತಿಸಂಶ್ಲೇಷಣೆಯ ಪಾಠ ಅರ್ಧ ಮುಗಿದ ಹಾಗೆ.

ಕಾಂಡದಲ್ಲಿ ನೀರು ಏರುವುದನ್ನು ತೋರಿಸಲು ಕರ್ಣಕುಂಡಲ ಹೇಳಿಮಾಡಿಸಿದ ಗಿಡ. ಎಳೆಯ ಕಾಂಡ ಅರೆಪಾರದರ್ಶಕವಾದ್ದರಿಂದ ಕೆಂಪು ಶಾಯಿಯ ನೀರಿನಲ್ಲಿಟ್ಟರೆ ಬಣ್ಣದ ಗೆರೆ ಹೊರಗಿನಿಂದಲೇ ಕಾಣುತ್ತದೆ. ಅದರ ಬಲಿತ ಕಾಯಿಯನ್ನು ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ, ಹಾಗಾಗಿ ಬೀಜಪ್ರಸಾರಕ್ಕೆ ಬೇರೆ ಗಿಡ ಹುಡುಕಬೇಕಿಲ್ಲ. ಕಾಡುಬಸಳೆಯ ಎಲೆಯನ್ನು ಪುಸ್ತಕದೊಳಗಿಟ್ಟರೂ ಅಂಚಿನಲ್ಲಿ ಪುಟ್ಟ ಸಸಿಗಳು ಏಳುತ್ತವೆ.

ಶಾಲಾ ಕೈತೋಟಕ್ಕೆ ಈಗ ಬಿಸಿಯೂಟದ ನಂಟೂ ಇದೆ. ಪೌಷ್ಟಿಕ ಕೈತೋಟಗಳ ಬಗ್ಗೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ನುಗ್ಗೆ, ಕರಿಬೇವು, ಬಸಳೆಯಂಥವು ಕಡಿಮೆ ಆರೈಕೆಯಲ್ಲೂ ಬದುಕುತ್ತವೆ. ಗಿಡ ನೆಡುವ ಸಮಾರಂಭಗಳ ಮಾತು ಬೇರೆ. ಕೆ. ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವ ಇಂದಿಗೂ ಪ್ರತಿ ಜುಲೈನಲ್ಲಿ ನಡೆಯುತ್ತದೆ. ಆದರೆ ನೆಟ್ಟ ಗುಂಡಿಯ ಕಡೆ ಮಕ್ಕಳು ಮತ್ತೆ ಸುಳಿಯದಿದ್ದರೆ ಅದು ಸಮಾರಂಭವೇ ಹೊರತು ಸಸ್ಯಪಾಠವಲ್ಲ.

ದೀರ್ಘಕಾಲದ ವೀಕ್ಷಣೆಗೆ ಒಳ್ಳೆಯ ಮಾದರಿ ‘ಸೀಸನ್‌ವಾಚ್’. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಈ ದೇಶವ್ಯಾಪಿ ಯೋಜನೆಯಲ್ಲಿ ಭಾಗವಹಿಸುವವರು ಮಾವು, ಹಲಸು, ಹುಣಸೆ, ಕಕ್ಕೆಯಂಥ ಸಾಮಾನ್ಯ ಮರವೊಂದನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡುತ್ತಾರೆ. ಚಿಗುರು, ಮೊಗ್ಗು, ಹೂ, ಕಾಯಿ, ಹಣ್ಣು ಇಲ್ಲವೋ, ಕೆಲವಿವೆಯೋ, ಬಹಳವಿವೆಯೋ ಎಂದಷ್ಟೇ ಗುರುತಿಸಿದರೆ ಸಾಕು. ಮಾಹಿತಿಯ ದೊಡ್ಡ ಪಾಲು ಕೇರಳದ ಶಾಲಾಮಕ್ಕಳಿಂದ ಬಂದಿದೆ. ಶಾಲೆಯ ದಾಖಲೆ ಮಾರ್ಕ್ಸ್ ಕಾರ್ಡಿನಾಚೆಗೆ ಋತುಬದಲಾವಣೆಯ ಅಧ್ಯಯನಕ್ಕೂ ಒದಗುವುದು ಅಪರೂಪ.

ಕಾಲೇಜು ಮಟ್ಟದಲ್ಲಿ ಇಂಥ ಪಾಠದ ಸ್ವಾರಸ್ಯ ಕನ್ನಡಿಗರಿಗೆ ಗೊತ್ತಾದದ್ದು ಬಿ. ಜಿ. ಎಲ್. ಸ್ವಾಮಿಯವರಿಂದ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನವಾದ ‘ಹಸುರು ಹೊನ್ನು’ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಬಯಲಿಗೆ ಹೊರಡುವ ಮುನ್ನ ಕೆಲವು ಗಿಡಗಳ ಬಗ್ಗೆ ಎಚ್ಚರಿಸಲೇಬೇಕು. ಚಂದದ ಗುಲಗಂಜಿ, ಹರಳು, ದತ್ತೂರಿ ಬೀಜಗಳು ವಿಷ. ಕಣಗಿಲೆಯ ಗಿಡವೆಲ್ಲ ವಿಷ. ಪಾರ್ಥೇನಿಯಂ ಚರ್ಮಕ್ಕೆ ತುರಿಕೆ ತರಬಲ್ಲದು. ಮುಟ್ಟಿ ಬಂದ ಕೈ ತೊಳೆಯುವುದು, ಗುರುತಿಲ್ಲದ ಹಣ್ಣನ್ನು ಬಾಯಿಗಿಡದಿರುವುದು ಪಾಠದ ಮೊದಲ ನಿಯಮಗಳು.

ಇನ್ನು ಶಾಲೆಯ ಕ್ಯಾಲೆಂಡರಿನದೇ ಒಂದು ತಕರಾರು. ಕರ್ನಾಟಕದಲ್ಲಿ ಶಾಲೆ ತೆರೆಯುವುದು ಮುಂಗಾರಿನ ಹೊತ್ತಿಗೆ, ಬಿತ್ತನೆಗೆ ಸರಿಯಾದ ಕಾಲ. ಆದರೆ ಹೊಂಗೆ ಚಿಗುರಿ ಹೂಬಿಡುವಾಗ ಪರೀಕ್ಷೆ ಇಲ್ಲವೇ ರಜೆ. ಕಕ್ಕೆ ಹಳದಿಯಾಗುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ, ಕೈತೋಟಕ್ಕೆ ನೀರು ಹಾಕುವವರೂ ಇರುವುದಿಲ್ಲ. ಅದಕ್ಕೇ ಅನುಭವಸ್ಥ ಶಿಕ್ಷಕರು ವೀಕ್ಷಣೆಯ ಮರವನ್ನು ಶಾಲೆಯ ಆವರಣದ ಬದಲು ಮಗುವಿನ ಮನೆಯ ಹತ್ತಿರವೇ ಆರಿಸಲು ಹೇಳುತ್ತಾರೆ.